ಗುರುವನ್ನು ಬೆಳ್ಳಿ ಎಂದವಳು

ಗುಮ್ಮಘಟ್ಟದ ಆಚೆಯ ಗುಡ್ಡದಲ್ಲಿ ಕುರಿಮಂದೆ ತಂಗಿದಾಗ ಎಲ್ಲರನ್ನೂ ಎಬ್ಬಿಸುವ ಕೆಲಸ ಉಜ್ಜಿನಮ್ಮನದು. ಗಂಡ ತೀರಿಕೊಂಡ ಮೇಲೆ ಮೈದುನ ಬೊಮ್ಮಪ್ಪನ ಮಂದೆಯ ಜೊತೆಯಲ್ಲೇ ತನ್ನ ಕುರಿಗಳನ್ನೂ ಮೇಯಿಸುತ್ತಿದ್ದಳು. ಮೂಡಲಲ್ಲಿ ಬೆಳ್ಳಿಚುಕ್ಕಿ ಏಳಬೇಕು, ಮೂರು ಚುಕ್ಕಿಯ ಕಾವಡಿ ನೆತ್ತಿಯ ಹತ್ತಿರ ಬಂದಿರಬೇಕು. ಎರಡನ್ನೂ ನೋಡಿಯೇ ಅವಳು ಬಾಯಿ ಬಿಡುತ್ತಿದ್ದಳು. ಆಗ ಮಂದೆಯ ಸುತ್ತ ಕಟ್ಟಿದ ಬಲೆ ಎತ್ತಿ ಕುರಿ ಬಿಟ್ಟರೆ ಗುಡ್ಡ ಇಳಿಯುವಷ್ಟರಲ್ಲಿ ಬೆಳಕು ಹರಿಯುತ್ತಿತ್ತು. ಬೊಮ್ಮಪ್ಪ ಫೋನಿಗೆ ಅಲಾರಂ ಇಟ್ಟರೆ, "ನಿನ್ನ ಡಬ್ಬಿಗೆ ಚಾರ್ಜು ಬೇಕು, ನನ್ನ ಬೆಳ್ಳಿಗೆ ಏನ್ ಬೇಕಪ್ಪಾ?" ಎಂದು ನಗುತ್ತಿದ್ದಳು.

ಈ ಸಲ ಮಳೆಗಾಲದಲ್ಲಿ ತಿಂಗಳೊಪ್ಪತ್ತು ಮೋಡ ಬಿಡಲೇ ಇಲ್ಲ. ಒಂದು ದಿನ ಮೂಡಲ ಕಡೆ ಮಾತ್ರ ಮೋಡ ಹರಿದು, ದಪ್ಪನೆಯ ಬಿಳಿ ಚುಕ್ಕಿಯೊಂದು ಹೊಳೆಯಿತು. ನೆತ್ತಿಯ ಮೇಲೆ ಇನ್ನೂ ಕತ್ತಲೆ ಕವಿದಿತ್ತು. ಕಾವಡಿ ಕಾಣಲಿ ಎಂದು ಕಾಯದೆ, "ಬೆಳ್ಳಿ ಮೂಡೇತಿ, ಏಳ್ರೋ!" ಎಂದು ಕೂಗಿಬಿಟ್ಟಳು.

ಗುಡ್ಡ ಇಳಿದರೂ ಬೆಳಕಿಲ್ಲ. ಹಳ್ಳದಲ್ಲಿ ತೋಳಗಳು ನುಗ್ಗಿ ಬೊಮ್ಮಪ್ಪನ ಎರಡು ಮರಿಗಳನ್ನು ಎತ್ತಿಕೊಂಡು ಹೋದವು. ಉಳಿದ ಕುರಿಗಳನ್ನು ಒಂದೆಡೆ ಸೇರಿಸಿಕೊಂಡು ನಿಂತು ಎಷ್ಟೋ ಹೊತ್ತಾದ ಮೇಲೆ, ಆ ಚುಕ್ಕಿಗಿಂತ ಬಹಳ ಕೆಳಗೆ ನಿಜವಾದ ಬೆಳ್ಳಿ ಎದ್ದಿತು. ಎಲ್ಲರೂ ನೋಡಿದರು. ಉಜ್ಜಿನಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮಧ್ಯಾಹ್ನ ಬೊಮ್ಮಪ್ಪನ ಮಗಳು ಸ್ವಪ್ನಾ ಬುತ್ತಿ ತಂದಳು. ರಾಯದುರ್ಗದಲ್ಲಿ ಡಿಗ್ರಿ ಓದುವ ಹುಡುಗಿ. ಬೆಳಗಿನ ಸಂಗತಿ ಕೇಳಿ ಅಂದಳು:

"ಅದು ಗುರುಗ್ರಹ, ದೊಡ್ಡಮ್ಮ. ಕೋಟಿಗಟ್ಲೆ ಮೈಲಿ ದೂರ. ಉಳಿದ ಚುಕ್ಕಿಗಳ ಜೊತಿಗೆ ಹೋಗಲ್ಲ, ಅವುಗಳ ನಡುವೆ ತನ್ನದೇ ದಾರಿ ಹಿಡಿದು ಸರೀತೈತಿ. ಹೋದ ತಿಂಗ್ಳು ಬೆಳ್ಳಿ ಮಗ್ಗುಲಾಗೇ ಇತ್ತು, ಈಗ ಅದಕಿಂತ ಎಷ್ಟೋ ಮೊದ್ಲೇ ಏಳ್ತೈತಿ. ಮೋಡದಾಗ ನಿನಗೆಂಗ ಕಾಣ್ಬೇಕು?"

"ಅಷ್ಟು ದೂರದ್ದನ್ನ ಯಾಕ ಬೈಬೇಕವ್ವಾ. ನೆತ್ತಿ ನೋಡ್ದಂಗ ಕೂಗಿದ್ದು ನಾನು."

"ಬಿಡು ಅತ್ತಿಗೀ," ಎಂದ ಬೊಮ್ಮಪ್ಪ, "ತೋಳಕ್ಕ ಗುರುಬಲ ಕೂಡಿ ಬಂದಿತ್ತು!"

ಸ್ವಪ್ನಾ ಕಿಸಕ್ಕನೆ ನಕ್ಕಳು. ಅವನು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಉಜ್ಜಿನಮ್ಮನಿಗೆ. ಮರಿ ಕಳೆದುಕೊಂಡ ಕುರಿ ಕೆಚ್ಚಲು ಬಿಗಿದು ಅರಚುತ್ತಲೇ ಇತ್ತು. ತನ್ನ ಪಾಲಿನ ರೊಟ್ಟಿಯನ್ನು ಮತ್ತೆ ಬುತ್ತಿಯಲ್ಲೇ ಕಟ್ಟಿಟ್ಟಳು.

ಮರುದಿನ ಆಕಾಶ ತೊಳೆದಿಟ್ಟಂತಿತ್ತು. ಬೆಳ್ಳಿ ಎದ್ದಿತು, ಕಾವಡಿಯೂ ನೆತ್ತಿಯ ಹತ್ತಿರ ಬಂದಿತ್ತು. ಮತ್ತೆ ಮತ್ತೆ ನೋಡಿದಳು. ಆದರೂ ಕೂಗಲಿಲ್ಲ. ಕಡೆಗೆ ಬೊಮ್ಮಪ್ಪನೇ ಕಂಬಳಿಯೊಳಗಿಂದ, "ಅತ್ತಿಗೀ, ಏಳ್ಲೇನು?" ಎಂದ.

"ಮೂಡೇತಿ," ಎಂದಳು ಮೆಲ್ಲಗೆ. "ಆದ್ರ ನಿನ್ನ ಮರಿ ಬೆಳಕಾದ ಮ್ಯಾಲೆ ಬಿಡು."

ಅವನ ಮುಖ ನೋಡದೆ, ತನ್ನ ಕುರಿಗಳ ಕಡೆಯ ಬಲೆಯನ್ನಷ್ಟೇ ಎತ್ತಿದಳು. ಕೋಲು ಹಿಡಿದು, ಅವುಗಳಿಗಿಂತ ಮುಂದಾಗಿ ಹಳ್ಳಕ್ಕೆ ಇಳಿದಳು.