ಮೂವತ್ನಾಲ್ಕರ ತಾತ

ಕಂಬಂನ ನಮ್ಮ ಬೀದಿಯ ಕೊನೆಯಲ್ಲಿ ಎಸ್‌ಟಿಡಿ ಬೂತ್ ಇಟ್ಟಿರುವ ಜೆಯಕುಮಾರ್‌ಗೆ ವಯಸ್ಸು ಮೂವತ್ನಾಲ್ಕು. ಆದರೂ ಅವನ ನರೆತ ತಲೆ, ಬಾಗಿದ ಬೆನ್ನು ನೋಡಿ ಅರವತ್ತು ದಾಟಿದವರು ಬಸ್ಸಿನಲ್ಲಿ ಎದ್ದು ಅವನಿಗೆ ಜಾಗ ಬಿಡುತ್ತಾರೆ, ಅವನು ‘ಚೆನ್ನಾಗಿರಪ್ಪಾ’ ಎಂದು ಹರಸಿ ಕೂತುಬಿಡುತ್ತಾನೆ. ಹುಟ್ಟುವಾಗಲೇ ಗುಂಡಿಗೆಯಲ್ಲಿ ತೂತಿತ್ತು, ಚಿಕ್ಕಂದಿನಲ್ಲೇ ಮದುರೆಯಲ್ಲಿ ಹೊಲಿದರು. ಅಂಥ ಗುಂಡಿಗೆಗೆ ಬೇಗ ಮುಪ್ಪು ಬರುತ್ತದೆ ಎಂದು ಈಗಿನ ಡಾಕ್ಟರು ಹೇಳಿದ್ದಾರಂತೆ. ಸಂಜೆ ಮನೆಗೆ ಹೋಗುವಾಗ ಬಾಗಿಲು ಬಾಗಿಲಿಗೂ ನಿಂತು ‘ಇವತ್ತೇನ್ ಸಾರು?’ ಎಂದು ಕೇಳುತ್ತಾನೆ. ‘ಇವನ ಮೂಗು ನಮ್ಮ ಪಾತ್ರೇಲೇ ಇರ್ತದೆ’ ಎಂದು ಎದುರುಮನೆ ಮಾರಿಯಮ್ಮಾಳ್ ಬೈಯುತ್ತಾಳೆ. ಉಸಿರು ಕಟ್ಟಿ ನಿಂತದ್ದನ್ನು ಹೀಗೆ ಮುಚ್ಚಿಡುತ್ತಾನೆಂದು ಜಗುಲಿಯಲ್ಲಿ ಕೂತು ಕೇಳಿಸಿಕೊಳ್ಳುವ, ಬೀದಿಯವರು ಪಾಟಿ ಎಂದು ಕರೆಯುವ ಮುದುಕಿಯಾದ ನನಗೆ ಮಾತ್ರ ಗೊತ್ತು. ಪೊಂಗಲ್ ಬರುವ ತೈ ತಿಂಗಳಲ್ಲಿ ಮದುವೆ ಗೊತ್ತಾದಾಗ, ‘ಅವಳ ಜೊತೆ ಹೆಂಗೆ ನಡೆಯೋದು ಪಾಟಿ? ಮುದುಕನ್ನ ಕಟ್ಕೊಂಡೆ ಅಂತ ತವರಿಗೆ ಹೋಗ್ಬಿಟ್ರೆ?’ ಎಂದು ನನ್ನ ಬಳಿ ಹೆದರಿದ್ದ. ಹೆಂಡತಿ ತಮಿಳರಸಿ ಗೂಡಲೂರಿನ ದ್ರಾಕ್ಷಿ ತೋಟದಲ್ಲಿ ಬೆಳೆದವಳು, ಬಿರುಸು ನಡಿಗೆಯವಳು. ನಿನ್ನೆ ಸಂಜೆ ಇಬ್ಬರೂ ಬೀದಿಯಲ್ಲಿ ಬಂದರು. ಅವನ ಉಸಿರು ಇನ್ನೂ ಕಟ್ಟಿರಲಿಲ್ಲ. ಅಷ್ಟರಲ್ಲೇ ಅವಳು ನನ್ನ ಬಾಗಿಲಲ್ಲಿ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, ‘ಪಾಟಿ, ಇವತ್ತೇನ್ ಸಾರು?’ ಎಂದಳು. ಹುರುಳಿ ನೆನೆಹಾಕುವುದರಿಂದ ಹಿಡಿದು ಒಗ್ಗರಣೆಯವರೆಗೆ ನಾನು ನಿಧಾನವಾಗಿ ಹೇಳಿದೆ.