ಗುಡ್ಡೆ ಬಿಟ್ಟ ಜಾಗ

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಶಕುನ, ಕಣಿ ಯಾವುದನ್ನೂ ನಾನು ನಂಬಿದವಳಲ್ಲ. ಕಂಪ್ಯೂಟರ್ ವಿಷಯದಲ್ಲಂತೂ ನನ್ನದು ಒಂದೇ ಮಾತು: ಬಿತ್ತಿದ್ದೇ ಬೆಳೆಯುವುದು. ಈಗಲೂ ಹಾಗೇ ಅನ್ನುತ್ತೇನೆ. ಆದರೂ ಕೆಲವು ವರ್ಷಗಳ ಹಿಂದಿನ ಆ ಒಂದು ಮಧ್ಯಾಹ್ನ ಮಾತ್ರ ನನ್ನ ಯಾವ ಲೆಕ್ಕಕ್ಕೂ ಸಿಗುತ್ತಿಲ್ಲ.

ಚಾಮರಾಜನಗರದ ಆಫೀಸಿನಲ್ಲಿ ಕುಳಿತು ಗುಂಡ್ಲುಪೇಟೆ ಕಡೆಯ ಕರಿಕಲ್ಲು ಕ್ವಾರಿಗೆ ಪ್ಲಾನ್ ಮಾಡುವುದು ನನ್ನ ಕೆಲಸ. ಯಾವ ತಿಂಗಳು ಎಲ್ಲಿ ಅಗೆಯಬೇಕು, ಬೇಡದ ಕಲ್ಲುಮಣ್ಣನ್ನು ಎಲ್ಲಿ ಸುರಿಯಬೇಕು ಎಂಬುದನ್ನೆಲ್ಲ ಮೊದಲು ಸಾಫ್ಟ್‌ವೇರಿನಲ್ಲಿ ಮಾಡಿ ನೋಡುತ್ತೇವೆ. ಗುಡ್ಡೆ ಹೇಗೆ ಬೆಳೆಯುತ್ತದೆ, ಕಲ್ಲು ಎಲ್ಲಿಯವರೆಗೆ ಉರುಳುತ್ತದೆ ಎಂಬುದು ಸ್ಕ್ರೀನಿನ ಮೇಲೆ ಸಿನಿಮಾದಂತೆ ಓಡುತ್ತದೆ. ಈ ಕೆಲಸದಲ್ಲಿ ನಾನು ಗಟ್ಟಿಗಿತ್ತಿ, ಸಂಕೋಚವಿಲ್ಲದೆ ಹೇಳುತ್ತೇನೆ.

ಅಂದು ಡ್ರೋನ್ ಚಿತ್ರದಲ್ಲಿ, ಹೊಸ ಗುಡ್ಡೆಗೆ ಗುರುತಿಸಿದ್ದ ಇಳಿಜಾರಿನ ಬುಡದಲ್ಲಿ ಒಂದು ತಗಡಿನ ಸೂರು ಕಾಣಿಸಿತು. ಕ್ವಾರಿಯ ಮೇಸ್ತ್ರಿ ಸಿದ್ದರಾಜಣ್ಣನಿಗೆ ಫೋನ್ ಮಾಡಿ ಅದೇನೆಂದು ಕೇಳಿದೆ.

"ಅದಾ? ಆಳು ಗುಡ್ಲು ಕಣವ್ವ," ಅಂದರು.

ನಾನೂ ಇದೇ ಸೀಮೆಯವಳು. ನಮ್ಮವರ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಹೋಗು ಅನ್ನುವುದು 'ಓಗು', ಹಾಲು ಅನ್ನುವುದು 'ಆಲು'. ಬಿದ್ದುಹೋದ 'ಹ'ವನ್ನು ಎತ್ತಿ ಸೇರಿಸಿಕೊಳ್ಳುವುದು ನನಗೆ ಅಭ್ಯಾಸ. ಹಾಳು ಗುಡ್ಲು, ಯಾರೂ ಇಲ್ಲದ ಗುಡಿಸಲು ತಾನೇ ಎಂದುಕೊಂಡು ನಕ್ಷೆಯಿಂದ ಅದನ್ನು ಅಳಿಸಿದೆ. ಮರುದಿನ ಬೆಳಿಗ್ಗೆಯಿಂದಲೇ ಟಿಪ್ಪರ್‌ಗಳು ಮೇಲಿನಿಂದ ಸುರಿಯುವುದೆಂದು ನಿಶ್ಚಯವಾಗಿತ್ತು. ಅಂಚಿನಲ್ಲಿ ನಿಂತ ಡ್ರೈವರ್‌ಗೆ ಬುಡ ಕಾಣುವುದಿಲ್ಲ.

ಸಿಮ್ಯುಲೇಶನ್ ಓಡಿಸಿದೆ. ಗುಡ್ಡೆ ಸರಾಗವಾಗಿ ಇಳಿದು ಬಂತು. ಆ ಜಾಗಕ್ಕೆ ಬಂದಿದ್ದೇ ಕವಲೊಡೆದು, ಸುತ್ತಲೂ ತುಂಬಿಕೊಂಡು, ನಡುವೆ ಗುಡಿಸಲಿನಷ್ಟೇ ಚೌಕ ಬಿಟ್ಟಿತು. ನಕ್ಷೆಯಲ್ಲಿ ಗುಡಿಸಲು ಇರಲೇ ಇಲ್ಲ. ಎಲ್ಲವನ್ನೂ ತಪಾಸಣೆ ಮಾಡಿ ಮತ್ತೆ ಮತ್ತೆ ಓಡಿಸಿದೆ. ಅದೇ ಚೌಕ. ನನಗೆ ಭಯವಾಗಲಿಲ್ಲ, ಸಿಟ್ಟು ಬಂತು. ಸ್ಥಳದ ಅಳತೆಯೇ ತಪ್ಪಿರಬೇಕೆಂದು ಜೀಪು ಹತ್ತಿದೆ.

ಇಳಿಹೊತ್ತಿನಲ್ಲಿ ಹೋಗಿ ನೋಡಿದರೆ ತಗಡಿನ ಮೇಲೆ ಸೀರೆ ಒಣಗುತ್ತಿತ್ತು. ಒಳಗೆ ಬಾಣಂತಿಯೊಬ್ಬಳು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಜೊತೆಗೆ ಬಂದಿದ್ದ ಮೇಸ್ತ್ರಿಯ ಕಡೆ ತಿರುಗಿದೆ.

"ಸಿದ್ದರಾಜಣ್ಣ, ಹಾಳು ಅಂದ್ರಲ್ಲ?"

"ಆಳು ಅಂದೆ ಕಣವ್ವ, ಕೂಲಿ ಆಳು. ಬಿದ್ದೋಗಿದ್ರೆ ಪಾಳು ಗುಡ್ಲು ಅಂತಿದ್ದೆ."

ಕಲ್ಲು ಅಲ್ಲಿಯವರೆಗೂ ಉರುಳುತ್ತದೆಂದು ಅವರು ಎಣಿಸಿರಲಿಲ್ಲ. ಟಿಪ್ಪರ್‌ಗಳನ್ನು ನಿಲ್ಲಿಸಿದೆವು. ಆ ಸಂಸಾರಕ್ಕೆ ಕ್ವಾರಿಯ ಇನ್ನೊಂದು ಮಗ್ಗುಲಲ್ಲಿ ಶೆಡ್ ಹಾಕಿಸಿಕೊಟ್ಟೆವು. ಸಾಫ್ಟ್‌ವೇರ್ ಕಂಪನಿಯವರು ನನ್ನ ಫೈಲನ್ನು ಜಾಲಾಡಿದರೂ ಅವರಿಗೆ ಯಾವ ದೋಷವೂ ಸಿಗಲಿಲ್ಲ.

ಬಾಣಂತಿ, ಮಗು ಹೊಸ ಶೆಡ್ಡಿಗೆ ಹೋದ ಮೇಲೆ ಅದೇ ಫೈಲನ್ನು, ಒಂದು ಚುಕ್ಕಿಯನ್ನೂ ಬದಲಿಸದೆ, ಮತ್ತೊಮ್ಮೆ ಓಡಿಸಿದೆ. ಗುಡ್ಡೆ ಇಳಿದು ಬಂತು. ಆ ಜಾಗವನ್ನು ಪೂರ್ತಿ ಮುಚ್ಚಿಕೊಂಡು ಮುಂದಕ್ಕೆ ಹೋಯಿತು. ಈ ಸಲ ಚೌಕ ಇರಲಿಲ್ಲ.

ಬಿತ್ತಿದ್ದೇ ಬೆಳೆಯುವುದು, ಸರಿ. ಆದರೆ ಆ ಚೌಕವನ್ನು ನಾನು ಬಿತ್ತಿರಲಿಲ್ಲ.