ಬ್ಯಾಗಿನಿಂದ ತೆಗೆದ ಗುಲಾಬಿ ಕಾರ್ಡ್

ಹೋದ ವಾರ ನಾನೊಂದು ಕಳ್ಳತನ ಮಾಡಿದೆ. ಅದೂ ಎಂಟು ವರ್ಷದ ನನ್ನ ಮಗನ ಸ್ಕೂಲ್ ಬ್ಯಾಗಿನಿಂದ.

(ನಗಬೇಡಿ. ಪೂರ್ತಿ ಓದಿ, ನಗು ತಾನಾಗಿ ನಿಲ್ಲುತ್ತದೆ.)

ನಾವಿರುವ ಮಲೇಷ್ಯಾದ ಪೆನಾಂಗ್‌ನಲ್ಲಿ ಮಗ ನಿಹಾರ್ ಓದುವ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ವ್ಯಾಲೆಂಟೈನ್ಸ್ ಡೇ ದಿನ ಮಕ್ಕಳು ಒಬ್ಬರಿಗೊಬ್ಬರು ಕಾರ್ಡ್ ಕೊಡುವ ರೂಢಿ ಇದೆ. ಕೊಡುವುದಾದರೆ ಇಡೀ ಕ್ಲಾಸಿಗೆ ಕೊಡಬೇಕು, ಯಾರನ್ನೂ ಬಿಡುವ ಹಾಗಿಲ್ಲ. ಟೀಚರ್ ಹೆಸರುಗಳ ಪಟ್ಟಿ ಕಳಿಸಿದ್ದರು. ನಾನು ಎರಡು ಪ್ಯಾಕೆಟ್ ಕಾರ್ಡ್ ತಂದೆ. ಹುಡುಗರಿಗೆ ರಾಕೆಟ್ಟು, ಹುಡುಗಿಯರಿಗೆ ಹಾರ್ಟು. ಹಾಗೆ ವಿಂಗಡಿಸಿ ಅಂತ ಯಾರಾದರೂ ಹೇಳಿದ್ದರಾ? ಇಲ್ಲ. ಕೈ ತಾನಾಗಿ ಹಾಗೆ ಹೋಯಿತು.

ಬೆಳಿಗ್ಗೆ ಬ್ಯಾಗಿಗೆ ತುಂಬುವಾಗ ಒಳಗೆ ಇನ್ನೊಂದು ಕಾರ್ಡ್ ಇತ್ತು. ಅವನೇ ಮಾಡಿದ್ದು. ಗುಲಾಬಿ ಕಾಗದ, ಸೊಟ್ಟಗೆ ಕತ್ತರಿಸಿದ ದೊಡ್ಡ ಹಾರ್ಟು, ಅದರ ಸುತ್ತ ಅಂಟು ಒಣಗದ ಗ್ಲಿಟರ್. ತೆರೆದರೆ ಇಂಗ್ಲಿಷಿನಲ್ಲಿ ಬರೆದಿದ್ದ: ಐ ಲವ್ ಯು ಜುನ್ ವೇ, ಐ ವಿಲ್ ಮಿಸ್ ಯು ಎವ್ರಿಡೇ.

ಜುನ್ ವೇ ನಮ್ಮ ಕಾಂಡೋದಲ್ಲೇ (ಅಪಾರ್ಟ್‌ಮೆಂಟಿಗೆ ಇಲ್ಲಿ ಹಾಗನ್ನುತ್ತಾರೆ) ಎರಡು ಮಹಡಿ ಕೆಳಗಿನ ಹುಡುಗ. ಮೂರು ವರ್ಷದಿಂದ ಇಬ್ಬರೂ ಒಂದೇ ವ್ಯಾನು, ಒಂದೇ ಬೆಂಚು. ಅವನಪ್ಪನಿಗೆ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಲ್ಲಿ ಕೆಲಸ. ತೈವಾನಿಗೆ ವರ್ಗವಾಗಿ, ಮರುದಿನವೇ ಮನೆಮಂದಿಯೆಲ್ಲ ಹೊರಡುವವರಿದ್ದರು.

ಕಾರ್ಡನ್ನು ನನ್ನ ಹ್ಯಾಂಡ್‌ಬ್ಯಾಗಿಗೆ ತುರುಕಿ, ಅದರ ಜಾಗಕ್ಕೆ ಒಂದು ರಾಕೆಟ್ಟನ್ನು ಕವರಿನಲ್ಲಿಟ್ಟು ಮೇಲೆ ಜುನ್ ವೇ ಹೆಸರು ಬರೆದೆ. ಪಾಪ, ಹುಡುಗರು ಇವನನ್ನು ಆಡಿಕೊಳ್ಳುತ್ತಾರಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಹೊತ್ತಿಗೆ ನನ್ನ ಕಣ್ಣ ಮುಂದೆ ಬಂದದ್ದು ಕಾಂಡೋ ತಾಯಂದಿರ ವಾಟ್ಸಾಪ್ ಗ್ರೂಪು. (ಹೆಣ್ಣು ಗಂಡು ಸಮಾನ ಅಂತ ಇದೇ ಅಂಕಣದಲ್ಲಿ ಎಷ್ಟು ಸಲ ಭಾಷಣ ಬಿಗಿದಿದ್ದೇನೆ, ನಿಮಗೇ ಗೊತ್ತು.)

ಇದು ಮೊದಲ ಸಲವೂ ಅಲ್ಲ. ಸಂಕ್ರಾಂತಿಗೆ ಎಳ್ಳು ಬೆಲ್ಲದ ತಟ್ಟೆ ಹಿಡಿದು ಜುನ್ ವೇ ಮನೆಗೆ ತಾನೇ ಹೋಗುತ್ತೇನೆ ಅಂತ ನಿಹಾರ್ ಹಟ ಹಿಡಿದಿದ್ದ. ನಾನು ನಕ್ಕು, "ಎಳ್ಳು ಬೀರೋದು ಹುಡುಗೀರ ಕೆಲಸ ಕಣೋ" ಅಂದು ತಟ್ಟೆ ಕಿತ್ತುಕೊಂಡೆ. ಮೈಸೂರಿನಲ್ಲಿ ನಾನು ಚಿಕ್ಕವಳಿದ್ದಾಗ ರೇಷ್ಮೆ ಲಂಗ ಉಟ್ಟು ಬೀದಿಯ ಮನೆಮನೆಗೂ ಎಳ್ಳು ಬೀರುತ್ತಿದ್ದೆ. ತಾನೂ ಬರುತ್ತೇನೆ ಅಂದ ತಮ್ಮನಿಗೆ ಅಮ್ಮ ಹೇಳಿದ್ದೂ ಇದೇ ಮಾತು. ಅವನು ಬಾಗಿಲಲ್ಲೇ ನಿಂತಿದ್ದ. ನಾನು ತಿರುಗಿಯೂ ನೋಡಲಿಲ್ಲ.

ಸರಿ, ಕಾರ್ಡಿನ ವಿಷಯಕ್ಕೆ ಬರೋಣ. ಆ ಸಂಜೆ ನಿಹಾರ್ ಮನೆಗೆ ಬಂದವನೇ ಬ್ಯಾಗನ್ನು ನೆಲಕ್ಕೆ ಸುರಿದು ಹುಡುಕಲು ಶುರುಮಾಡಿದ. ನಿನಗೊಂದು ಸ್ಪೆಷಲ್ ಕಾರ್ಡ್ ಇದೆ ಅಂತ ಜುನ್ ವೇಗೆ ವಾರದಿಂದ ಹೇಳಿಕೊಂಡು ಬಂದಿದ್ದನಂತೆ. ಕವರ್ ಬಿಚ್ಚಿದರೆ ಉಳಿದ ಹುಡುಗರಿಗೆಲ್ಲ ಸಿಕ್ಕ ಅದೇ ರಾಕೆಟ್ಟು. ವ್ಯಾನಿನಲ್ಲಿ ಜುನ್ ವೇ ಹಿಂದಿನ ಸೀಟಿಗೆ ಹೋಗಿ ಒಬ್ಬನೇ ಕೂತನಂತೆ.

"ಅಮ್ಮಾ, ಡಿಡ್ ಯು ಸೀ ಇಟ್?"

"ಎಲ್ಲೋ ಬಿದ್ದುಹೋಗಿರಬೇಕು, ಕಂದ."

ಕಾರ್ಡ್ ಇದ್ದದ್ದು ಎರಡು ಮಾರು ದೂರದಲ್ಲಿ, ಕುರ್ಚಿಗೆ ನೇತುಹಾಕಿದ ನನ್ನ ಬ್ಯಾಗಿನೊಳಗೆ. ಆಗಲೇ ತೆಗೆದುಕೊಟ್ಟಿದ್ದರೆ ಲಿಫ್ಟಿನಲ್ಲಿ ಎರಡು ಮಹಡಿ ಇಳಿಯುವಷ್ಟೇ ಕೆಲಸ. ಕೊಡಲಿಲ್ಲ. ಕೊಟ್ಟರೆ ನನ್ನ ಕಳ್ಳತನ ಹೊರಬೀಳುತ್ತಿತ್ತಲ್ಲ! ಗಂಡನ ಹತ್ತಿರ ಮೆಲ್ಲಗೆ ಹೇಳಿದೆ. ಒಳ್ಳೆಯದೇ ಮಾಡಿದೆ ಬಿಡು ಅಂದು ಅವರು ಮತ್ತೆ ಲ್ಯಾಪ್‌ಟಾಪಿನತ್ತ ತಿರುಗಿದರು.

ಮರುದಿನ ಬೆಳಿಗ್ಗೆ ಗೇಟಿನ ಬಳಿ ಜುನ್ ವೇ ಮನೆಯವರ ಕಾರು ಸಿದ್ಧವಾಗಿ ನಿಂತಿತ್ತು. ಸಾಮಾನ್ಯವಾಗಿ ಒಬ್ಬರ ಕುತ್ತಿಗೆಗೆ ಒಬ್ಬರು ಜೋತುಬೀಳುವ ಈ ಇಬ್ಬರು ಹುಡುಗರು ಅಂದು ಆಫೀಸಿನ ಗಂಡಸರ ಹಾಗೆ ಕೈ ಕುಲುಕಿದರು. ಕಾರು ಹೋಯಿತು. ಏರ್‌ಪೋರ್ಟ್ ನಮಗೆ ಹತ್ತಿರ. ನಿಹಾರ್ ಬಾಲ್ಕನಿಯಲ್ಲಿ ನಿಂತು ಮೇಲೇರಿದ ವಿಮಾನಗಳನ್ನೆಲ್ಲ ನೋಡಿದ, ಅವುಗಳಲ್ಲಿ ಜುನ್ ವೇ ಇರುವುದು ಯಾವುದರಲ್ಲಿ ಅಂತ ಗೊತ್ತಿಲ್ಲದೆ. ಅಳಲಿಲ್ಲ. ವಿಡಿಯೋ ಕಾಲ್‌ನಲ್ಲಿದ್ದ ನಮ್ಮತ್ತೆ, ಗಂಡು ಮಗು ಅಂದರೆ ಹೀಗಿರಬೇಕು ಅಂತ ಮೆಚ್ಚಿಕೊಂಡರು.

ಭಾನುವಾರ ನನಗೆ ತಡೆಯಲಾಗಲಿಲ್ಲ. ಕಾರ್ಡ್ ಅವನ ಕೈಗಿಟ್ಟು, ನಾನೇ ತೆಗೆದದ್ದು, ತಪ್ಪಾಯಿತು ಅಂದೆ. ಪೋಸ್ಟ್ ಮಾಡೋಣ, ಅಡ್ರೆಸ್ ತರಿಸುತ್ತೇನೆ ಅಂದೆ. ಅವನು ಬಯ್ಯುತ್ತಾನೆ, ಅಳುತ್ತಾನೆ ಅಂದುಕೊಂಡಿದ್ದೆ. ಬಯ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಅವನು ಕಾರ್ಡನ್ನು ನೋಡಿದ. ಬೆರಳಿಗಂಟಿದ ಗ್ಲಿಟರ್ ಅನ್ನು ಚಡ್ಡಿಗೆ ಒರೆಸಿಕೊಂಡ. ಅಡುಗೆಮನೆಗೆ ಹೋಗಿ ಕಾರ್ಡನ್ನು ಕಸದ ಬುಟ್ಟಿಗೆ ಹಾಕಿ ಬಂದ.

"ಬೇಡ ಅಮ್ಮಾ. ಅದು ಹುಡುಗೀರ ಕೆಲಸ."

ಕನ್ನಡದಲ್ಲಿ ಮಾತಾಡೋ ಅಂತ ಅವನ ಹಿಂದೆ ಬೀಳದ ದಿನವಿಲ್ಲ. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗ ಅಂದು ಒಂದೂ ತಪ್ಪಿಲ್ಲದೆ ಅಚ್ಚ ಕನ್ನಡದಲ್ಲಿ ಉತ್ತರ ಕೊಟ್ಟ.

ಕಲಿಸಿದವಳು ನಾನೇ ಅಲ್ಲವೇ?